ಮಾಡೆಲ್ 241 ವೋಲ್ಟ್ ಅನ್ನುತ್ತೆ, ಮೀಟರ್ 264 ಅನ್ನುತ್ತೆ: ಸೋಲಾರ್ ಇರುವ ಫೀಡರ್‌ನ ಲೋಡ್ ಫ್ಲೋ ಎಲ್ಲಿ ತಪ್ಪುತ್ತಿದೆ?

ತೆಂಗಿನಮರ

ಎಲ್ಲರಿಗೂ ನಮಸ್ಕಾರ. ಎಂಟೆಕ್ ಎರಡನೇ ವರ್ಷ. ಪ್ರಾಜೆಕ್ಟ್‌ಗೆ ಒಂದು ಹಳ್ಳಿ ಫೀಡರ್ ತಗೊಂಡಿದ್ದೇನೆ. 66/11 ಕೆವಿ ಸ್ಟೇಷನ್‌ನಿಂದ ಹೊರಡುವ 11 ಕೆವಿ ಲೈನ್. ಅದರ ಬಾಲದ ಹತ್ತಿರ ಒಂದು 100 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್). ಆ ಟಿಸಿಯಿಂದ ಎಲ್‌ಟಿ (ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜ್) ಲೈನ್‌ನಲ್ಲಿ 300 ಮೀಟರ್ ಹೋದರೆ ನಮ್ಮ ಸೋದರಮಾವನ ಮನೆ. ತಿಪಟೂರು ಕಡೆ.

ಮಾವ ಚಾವಣಿ ಮೇಲೆ 5 ಕಿಲೋವ್ಯಾಟ್ ಸಿಂಗಲ್ ಫೇಸ್ ಸೋಲಾರ್ ಹಾಕಿಸಿದ್ದಾರೆ. ಬಿಸಿಲು ಚೆನ್ನಾಗಿರುವ ದಿನವೇ ಮಧ್ಯಾಹ್ನ 12ರಿಂದ 2ರ ತನಕ ಇನ್ವರ್ಟರ್ ‘ಗ್ರಿಡ್ ವೋಲ್ಟೇಜ್ ಜಾಸ್ತಿ’ ಅಂತ ತೋರಿಸಿ ನಿಂತುಬಿಡುತ್ತೆ. ಒಂದೆರಡು ನಿಮಿಷ ಬಿಟ್ಟು ಮತ್ತೆ ಶುರು, ಮತ್ತೆ ನಿಲ್ಲುತ್ತೆ. ಡಿಸ್‌ಪ್ಲೇನಲ್ಲಿ 262, 263, 264, ಆಮೇಲೆ ಟ್ರಿಪ್. ಟ್ರಿಪ್ ಆದ ಕ್ಷಣ 251ಕ್ಕೆ ಇಳಿಯುತ್ತೆ. ಹಾಕಿದವರನ್ನು ಕೇಳಿದರೆ ‘ಲೈನ್ ತೊಂದರೆ’ ಅಂತಾರೆ. ಲೈನಿನವರನ್ನು ಕೇಳಿದರೆ ‘ಇನ್ವರ್ಟರ್ ತೊಂದರೆ’ ಅಂತಾರೆ.

ನಾನೇ ಲೋಡ್ ಫ್ಲೋ (ಲೈನ್‌ನಲ್ಲಿ ಎಲ್ಲೆಲ್ಲಿ ಎಷ್ಟು ವೋಲ್ಟೇಜ್, ಕರೆಂಟ್ ಅನ್ನುವ ಲೆಕ್ಕ) ಹಾಕೋಣ ಅಂತ ಪೈಥಾನ್‌ನಲ್ಲಿ ಬ್ಯಾಕ್‌ವರ್ಡ್-ಫಾರ್ವರ್ಡ್ ಸ್ವೀಪ್ ಅನ್ನುವ ವಿಧಾನ ಬರೆದೆ. ಎಲ್ಲರೂ ಪರೀಕ್ಷೆಗೆ ಬಳಸುವ 33 ಬಸ್ (ಬಸ್ ಅಂದರೆ ಲೈನ್‌ನ ಒಂದು ಬಿಂದು) ಟೆಸ್ಟ್ ಸಿಸ್ಟಮ್‌ನಲ್ಲಿ ಓಡಿಸಿದೆ. ನಷ್ಟ 202.7 ಕಿಲೋವ್ಯಾಟ್, 18ನೇ ಬಸ್‌ನಲ್ಲಿ ವೋಲ್ಟೇಜ್ 0.9131 ಪರ್ ಯೂನಿಟ್ (ಇರಬೇಕಾದದ್ದರ ಶೇ 91.31). ಎಲ್ಲಾ ಪೇಪರ್‌ಗಳಲ್ಲಿ ಇರುವ ಉತ್ತರವೇ. ಆದರೆ ಮಾವನ ಫೀಡರ್ ಹಾಕಿ ಓಡಿಸಿದರೆ ಮನೆ ಹತ್ತಿರ 241 ವೋಲ್ಟ್ ಬರುತ್ತಿದೆ. 23 ವೋಲ್ಟ್ ವ್ಯತ್ಯಾಸ! ನ್ಯೂಟನ್-ರಾಫ್ಸನ್ ಅನ್ನುವ ಇನ್ನೊಂದು ಲೆಕ್ಕದ ವಿಧಾನಕ್ಕೆ ಬದಲಾಯಿಸಬೇಕಾ? ಗೈಡ್ ಹಾಗೇ ಹೇಳುತ್ತಿದ್ದಾರೆ.

ಬಸ್_33

ನ್ಯೂಟನ್-ರಾಫ್ಸನ್ ಡಿಸ್ಟ್ರಿಬ್ಯೂಷನ್‌ನಲ್ಲಿ ಕನ್ವರ್ಜ್ ಆಗೋದೇ (ಒಂದು ಉತ್ತರಕ್ಕೆ ಬಂದು ನಿಲ್ಲೋದೇ) ಇಲ್ಲ ಅಲ್ವಾ? ತಂತಿಯ ಆರ್ ಬೈ ಎಕ್ಸ್ (ರೆಸಿಸ್ಟೆನ್ಸ್ ಭಾಗಿಸು ರಿಯಾಕ್ಟೆನ್ಸ್) ಜಾಸ್ತಿ ಇರುತ್ತೆ. ಸ್ವೀಪ್‌ನಲ್ಲೇ ಇರಿ.

ಹಳೇ_ಸ್ವಿಚ್‌ಯಾರ್ಡ್

ಈ ಮಾತು ಕ್ಲಾಸಿನಿಂದ ಕ್ಲಾಸಿಗೆ ದಾಟಿಕೊಂಡು ಬಂದಿದೆ, ಆದರೆ ಅರ್ಧ ಮಾತ್ರ ಸರಿ. ಆರ್ ಬೈ ಎಕ್ಸ್ ಜಾಸ್ತಿ ಇದ್ದರೆ ಒದ್ದಾಡುವುದು 1974ರಲ್ಲಿ ಸ್ಟಾಟ್ ಮತ್ತು ಅಲ್ಸಾಕ್ ಕೊಟ್ಟ ಫಾಸ್ಟ್ ಡೀಕಪಲ್ಡ್ ಅನ್ನುವ ಬೇರೆ ವಿಧಾನ. ಆಕ್ಟಿವ್ ಪವರ್ (ಕೆಲಸ ಮಾಡುವುದು) ವೋಲ್ಟೇಜ್‌ನ ಕೋನಕ್ಕೆ, ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಹಿಂದೆ ಮುಂದೆ ಓಡಾಡುವುದು) ವೋಲ್ಟೇಜ್‌ನ ಪ್ರಮಾಣಕ್ಕೆ ಅಂತ ಅದು ಸಂಬಂಧವನ್ನು ಎರಡಾಗಿ ಸೀಳಿಬಿಡುತ್ತೆ. 220 ಕೆವಿ ಲೈನ್‌ನಲ್ಲಿ ಅದು ನಡೆಯುತ್ತೆ. ನಮ್ಮ ಹಳ್ಳಿಯ ಸಣ್ಣ ಅಳಿಲು (ಸ್ಕ್ವಿರೆಲ್) ತಂತಿಯಲ್ಲಿ ನಡೆಯಲ್ಲ. ಟಿನ್ನಿ ಮತ್ತು ಹಾರ್ಟ್ 1967ರಲ್ಲಿ ಗಟ್ಟಿ ಮಾಡಿದ ಪೂರ್ತಿ ನ್ಯೂಟನ್ ಸಾಮಾನ್ಯ ಫೀಡರ್‌ಗಳಲ್ಲಿ ಆರಾಮಾಗಿ ಕೂರುತ್ತೆ. ಆ 33 ಬಸ್ಸಿಗೇ ಹಾಕಿ ನೋಡಿ, ನಾಲ್ಕೈದು ಸುತ್ತಿನಲ್ಲಿ ಮುಗಿಯುತ್ತೆ.

ಸ್ವೀಪ್ ಬಳಸುವುದು ಬೇರೆ ಕಾರಣಕ್ಕೆ. ಫೀಡರ್ ಮರದ ಕೊಂಬೆ ಹಾಗೆ ಇರುತ್ತೆ, ಸುತ್ತು ಇರಲ್ಲ. ತುದಿಯಿಂದ ಕರೆಂಟ್ ಕೂಡಿಸಿಕೊಂಡು ಸ್ಟೇಷನ್‌ಗೆ ಬರುತ್ತೀರಿ, ಸ್ಟೇಷನ್‌ನಿಂದ ವೋಲ್ಟೇಜ್ ಇಳಿಸಿಕೊಂಡು ತುದಿಗೆ ಹೋಗುತ್ತೀರಿ. ಮ್ಯಾಟ್ರಿಕ್ಸ್ ತಿರುಗಿಸುವ ಕೆಲಸವೇ ಇಲ್ಲ. ಕೋಡ್ 40 ಸಾಲು.

ತೆಂಗಿನಮರ ಅವರೇ, ಉತ್ತರ ಕನ್ವರ್ಜ್ ಆಗಿದೆ ತಾನೇ? ಆಗಿದ್ದರೆ ಎರಡೂ ವಿಧಾನ ಒಂದೇ ಉತ್ತರ ಕೊಡಬೇಕು. ಗೈಡ್ ಮಾತು ಕೇಳಿ ವಿಧಾನ ಬದಲಾಯಿಸಿದರೆ ಅದೇ 241 ಇನ್ನೊಂದು ದಾರಿಯಲ್ಲಿ ಬರುತ್ತೆ, ಅಷ್ಟೇ. ತಪ್ಪು ನೀವು ಅದರೊಳಗೆ ಹಾಕಿದ್ದರಲ್ಲಿ ಇದೆ. ಟಿಸಿಯ ರೇಷಿಯೋ ಎಷ್ಟು ಕೊಟ್ಟಿದ್ದೀರಿ? ಸ್ಟೇಷನ್ ಬಸ್ ಎಷ್ಟು?

ತೆಂಗಿನಮರ

ಟಿಸಿ 11000/415 ಸರ್. ಸ್ಟೇಷನ್ 1.0 ಪರ್ ಯೂನಿಟ್, ಅಂದರೆ 11 ಕೆವಿ. ಎಲ್‌ಟಿ ಲೈನ್ ವೀಸೆಲ್ ಅನ್ನುವ ತಂತಿ, ಕಿಲೋಮೀಟರ್‌ಗೆ 0.93 ಓಮ್ ಹಾಕಿದ್ದೇನೆ. ಸೋಲಾರ್ ನೆಗೆಟಿವ್ ಲೋಡ್ (ಪವರ್ ಎಳೆಯುವ ಬದಲು ಕೊಡುವ ಲೋಡ್), ಪವರ್ ಫ್ಯಾಕ್ಟರ್ 1, ಅಂದರೆ ರಿಯಾಕ್ಟಿವ್ ಇಲ್ಲ.

ಹಳೇ_ಸ್ವಿಚ್‌ಯಾರ್ಡ್

ಮೊದಲನೇ ಕಳ್ಳ ಸಿಕ್ಕಿಬಿದ್ದ. ನಾಳೆ ಹೋಗಿ ಟಿಸಿಯ ಹೆಸರಿನ ಫಲಕ ಓದಿ. ದೂರದಿಂದಲೇ ಓದಿ, ಹತ್ತಿರ ಹೋಗಬೇಡಿ. 11000/433 ಅಂತ ಇರುತ್ತೆ. ನಮ್ಮ ದೇಶದಲ್ಲಿ ಟಿಸಿಗಳನ್ನು ಖಾಲಿ ಇದ್ದಾಗ 433 ಕೊಡುವ ಹಾಗೆ ಸುತ್ತಿರುತ್ತಾರೆ. ಲೋಡ್ ಬಿದ್ದ ಮೇಲೆ ಟಿಸಿಯಲ್ಲಿ, ಲೈನ್‌ನಲ್ಲಿ ಇಳಿದು ಮನೆಗೆ 415 ಮುಟ್ಟಲಿ ಅಂತ. 433 ಅನ್ನು 1.732ರಿಂದ ಭಾಗಿಸಿ. 250. ಅಂದರೆ 11 ಕೆವಿ ಸರಿಯಾಗಿ 11 ಇದ್ದು, ಊರಲ್ಲಿ ಲೋಡ್ ಇಲ್ಲದಿದ್ದರೆ ಟಿಸಿ ಬಾಯಲ್ಲೇ 250 ವೋಲ್ಟ್ ಇರುತ್ತೆ. ನೀವು 240ರಿಂದ ಶುರು ಮಾಡಿದ್ದೀರಿ. 10 ವೋಲ್ಟ್ ಅಲ್ಲೇ ಹೋಯಿತು.

ಎರಡನೆಯದು ಸ್ಟೇಷನ್. ಬಾಲದ ಹಳ್ಳಿಗಳಲ್ಲಿ ಸಂಜೆ ಮೋಟಾರ್ ಎತ್ತಬೇಕು ಅಂತ ಪವರ್ ಟ್ರಾನ್ಸ್‌ಫಾರ್ಮರ್ ಟ್ಯಾಪ್ (ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಮೆಟ್ಟಿಲು) ಏರಿಸಿಟ್ಟಿರುತ್ತಾರೆ. ನಾನು ಕೆಲಸದಲ್ಲಿದ್ದಾಗ ಒಂದು ಸ್ಟೇಷನ್‌ನಲ್ಲಿ ಟ್ಯಾಪ್ ಚೇಂಜರ್ ಆಟೋ ಇತ್ತು, ಆದರೆ ಮ್ಯಾನ್ಯುಯಲ್‌ಗೆ ಹಾಕಿ ಹಗ್ಗ ಕಟ್ಟಿದ ಹಾಗೆ ಬಿಟ್ಟಿದ್ದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲಾ ಒಂದೇ ಟ್ಯಾಪ್. ಲಾಗ್ ಶೀಟ್‌ನಲ್ಲಿ ಮಧ್ಯಾಹ್ನ 12ರ 11 ಕೆವಿ ಎಷ್ಟು ಅಂತ ಕೇಳಿ ತಗೊಳ್ಳಿ.

ಕಾಸೆಲ್‌ನಿಂದ

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಜರ್ಮನಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ತೆಂಗಿನಮರ, ನಿಮ್ಮ ಸ್ವೀಪ್ ಮೂರು ಫೇಸ್‌ಗೂ ಬೇರೆ ಬೇರೆ ನಡೆಯುತ್ತಾ, ಅಥವಾ 33 ಬಸ್ ಕೋಡ್‌ಗೇ ಹೊಸ ಡೇಟಾ ತುಂಬಿದ್ದೀರಾ?

ತೆಂಗಿನಮರ

ಅದೇ ಕೋಡ್. ಒಂದೇ ಗೆರೆಯ ಸಮಾನ ಸರ್ಕ್ಯೂಟ್. 5 ಕಿಲೋವ್ಯಾಟ್ ಅನ್ನು ಹಾಗೇ ಹಾಕಿದೆ.

ಕಾಸೆಲ್‌ನಿಂದ

ಹಾಗಾದರೆ ನಿಜವಾದ ತಪ್ಪು ಇಲ್ಲೇ. 33 ಬಸ್ ಇದನ್ನು ಯಾವತ್ತೂ ಹಿಡಿದುಕೊಡಲ್ಲ, ಯಾಕೆಂದರೆ ಅದು ಮೂರೂ ಫೇಸ್ ಸಮ ಅಂತ ಅಂದುಕೊಂಡ ಸಿಸ್ಟಮ್. ಬಾರಾನ್ ಮತ್ತು ವೂ 1989ರಲ್ಲಿ ಅದನ್ನು ಕೊಟ್ಟಿದ್ದು ಸ್ವಿಚ್ ಯಾವುದು ತೆಗೆಯಬೇಕು, ಯಾವುದು ಹಾಕಬೇಕು ಅಂತ ನೋಡುವುದಕ್ಕೆ. 12.66 ಕೆವಿ, ಒಟ್ಟು 3715 ಕಿಲೋವ್ಯಾಟ್. ಹಳ್ಳಿಯ ಎಲ್‌ಟಿ ಲೈನ್ ಅಲ್ಲ ಅದು.

ಕೈಯಲ್ಲೇ ಲೆಕ್ಕ ಹಾಕೋಣ. ಪೇಪರ್, ಪೆನ್ ಸಾಕು.

ನಿಮ್ಮ ಮಾಡೆಲ್ ಪ್ರಕಾರ: 5 ಕಿಲೋವ್ಯಾಟ್ ಮೂರು ಫೇಸ್‌ಗೂ ಹಂಚಿಹೋಗುತ್ತೆ. ಫೇಸ್‌ಗೆ 6.7 ಆಂಪಿಯರ್. 300 ಮೀಟರ್ ವೀಸೆಲ್ ಅಂದರೆ 0.28 ಓಮ್. ಸಮ ಇದ್ದಾಗ ನ್ಯೂಟ್ರಲ್‌ನಲ್ಲಿ ಕರೆಂಟ್ ಇಲ್ಲ. ಏರಿಕೆ 1.9 ವೋಲ್ಟ್. 239.6ಕ್ಕೆ ಇದನ್ನು ಕೂಡಿಸಿ. ನಿಮ್ಮ 241 ಬಂತು.

ಮಾವನ ಮನೆಯಲ್ಲಿ ನಡೆಯುತ್ತಿರುವುದು: ಇಡೀ 5 ಕಿಲೋವ್ಯಾಟ್ ಒಂದೇ ಫೇಸ್‌ನಲ್ಲಿ. 250 ವೋಲ್ಟ್‌ನಲ್ಲಿ 20 ಆಂಪಿಯರ್. ಅದು ಫೇಸ್ ತಂತಿಯಲ್ಲಿ ಹೋಗಿ ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಬರಬೇಕು. ಹೋಗುವ ದಾರಿ 0.28, ಬರುವ ದಾರಿ 0.28. ಒಟ್ಟು 0.56 ಓಮ್. ಏರಿಕೆ 11.2 ವೋಲ್ಟ್.

ಅದೇ 5 ಕಿಲೋವ್ಯಾಟ್, ಅದೇ ತಂತಿ. 1.9 ಎಲ್ಲಿ, 11.2 ಎಲ್ಲಿ! ಸರಿಯಾಗಿ ಆರು ಪಟ್ಟು. ಕರೆಂಟ್ ಮೂರು ಪಟ್ಟು, ದಾರಿ ಎರಡು ಪಟ್ಟು.

ಬಸ್_33

ಅಯ್ಯೋ. ನನ್ನ ಬಿಇ ಪ್ರಾಜೆಕ್ಟ್ ಪೂರ್ತಿ ಆ ಸಮ ಫೇಸ್‌ನಲ್ಲೇ ಮಾಡಿದ್ದೆ. ಡಿಸ್ಟಿಂಕ್ಷನ್ ಬೇರೆ ಕೊಟ್ಟರು.

ಕಂಬ_ಹತ್ತಿದವ

ಇಲ್ಲಿ ಬರೆದಿರುವ ಲೆಕ್ಕದಲ್ಲಿ ಅರ್ಧ ನನಗೆ ಅರ್ಥ ಆಗಲಿಲ್ಲ. ನಾನು ಲೈನ್‌ಮ್ಯಾನ್, 19 ವರ್ಷ ಆಯ್ತು. ಆದರೂ ಒಂದು ಮಾತು. ನೀವೆಲ್ಲ ತಂತಿ ಉದ್ದ ನೋಡಿ ಓಮ್ ಹೇಳುತ್ತೀರಿ. ಕಂಬದ ಮೇಲೆ ತಂತಿ ಹಾಗಿರಲ್ಲ. ಎಲ್ಲೆಲ್ಲಿ ತುಂಡಾಗಿ ಸೇರಿಸಿದ್ದಾರೆ, ಎಲ್ಲಿ ಜಂಪರ್ (ಕಂಬದಲ್ಲಿ ತಂತಿಗೆ ತಂತಿ ಜೋಡಿಸುವ ತುಂಡು) ಸಡಿಲ ಇದೆ, ಅದು ಕಾಗದದಲ್ಲಿ ಇಲ್ಲ. ಕೆಲವು ಕಡೆ ನ್ಯೂಟ್ರಲ್‌ಗೆ ಫೇಸ್‌ಗಿಂತ ಸಣ್ಣ ತಂತಿ ಎಳೆದಿರುತ್ತಾರೆ.

ಸುಮ್ನೆ ಲೆಕ್ಕ ಯಾಕೆ, ಅಳೆದುಬಿಡಿ. ಬೆಳಿಗ್ಗೆ ಮೋಡ ಇಲ್ಲದ ಹೊತ್ತಲ್ಲಿ ಇನ್ವರ್ಟರ್ ಬಂದ್ ಮಾಡಿ ವೋಲ್ಟೇಜ್ ಓದಿ. ಚಾಲೂ ಮಾಡಿ, ಪೂರ್ತಿ ಏರಿದ ಮೇಲೆ ಮತ್ತೆ ಓದಿ. ಆಂಪಿಯರ್ ಕೂಡ ಬರೆದುಕೊಳ್ಳಿ. ಮೂರು ಸಲ ಮಾಡಿ. ಮನೆಯಲ್ಲಿ ಆ ಹೊತ್ತಿಗೆ ಗೀಸರ್, ಮಿಕ್ಸಿ ಏನೂ ಹಾಕಬೇಡಿ ಅಂತ ಹೇಳಿ.

ಹಳೇ_ಸ್ವಿಚ್‌ಯಾರ್ಡ್

ಕಂಬದಣ್ಣ, ಇಡೀ ಥ್ರೆಡ್‌ನಲ್ಲಿ ಇದಕ್ಕಿಂತ ಒಳ್ಳೆ ಸಲಹೆ ಇಲ್ಲ. ವೋಲ್ಟೇಜ್ ವ್ಯತ್ಯಾಸವನ್ನು ಆಂಪಿಯರ್‌ನಿಂದ ಭಾಗಿಸಿದರೆ ಮನೆಯಿಂದ ಹಿಂದಕ್ಕೆ ಇಡೀ ಲೈನ್‌ನ ಲೂಪ್ ರೆಸಿಸ್ಟೆನ್ಸ್ ಬಂತು. ತುಕ್ಕು, ಸಡಿಲ ಜಂಪರ್, ಸಣ್ಣ ನ್ಯೂಟ್ರಲ್ ಎಲ್ಲಾ ಅದರಲ್ಲೇ ಸೇರಿಕೊಂಡು ಬರುತ್ತೆ.

ಅಡಿಕೆ_ತೋಟ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ಮನೆಯಲ್ಲೂ ಸೋಲಾರ್ ಇದೆ. ಊರಲ್ಲಿ ಕರೆಂಟ್ ಹೋದ ತಕ್ಷಣ ಇದೂ ನಿಲ್ಲುತ್ತೆ. ಉರಿ ಬಿಸಿಲಿದೆ, ಮೇಲೆ ಪ್ಯಾನಲ್ ಇದೆ, ಮನೆಯಲ್ಲಿ ಫ್ಯಾನ್ ತಿರುಗಲ್ಲ. ಇದೆಂಥ ನ್ಯಾಯ?

ಕಂಬ_ಹತ್ತಿದವ

ಅದು ನನ್ನ ಜೀವ ಉಳಿಸುವುದಕ್ಕೆ ಅಣ್ಣ. ನಾನು ಎಲ್‌ಸಿ (ಲೈನ್ ಬಂದ್ ಮಾಡಿಸಿ ಕೆಲಸ ಮಾಡುವ ಅನುಮತಿ) ತಗೊಂಡು ಲೈನ್ ಸತ್ತಿದೆ ಅಂತ ಕಂಬ ಹತ್ತಿರುತ್ತೇನೆ. ನಿಮ್ಮ ಮನೆಯಿಂದ ಕರೆಂಟ್ ಹಿಂದಕ್ಕೆ ಬಂದರೆ ಟಿಸಿ ದಾಟಿ ಮೇಲೆ 11 ಸಾವಿರ ಆಗುತ್ತೆ. ಸೋಲಾರ್‌ಗಿಂತ ನಮಗೆ ಭಯ ಇರುವುದು ಚೇಂಜ್‌ಓವರ್ ಇಲ್ಲದೆ ಜನರೇಟರ್ ಹಾಕುವ ಮನೆಗಳದ್ದು. ಅದಕ್ಕೇ ಎಲ್‌ಸಿ ಇದ್ದರೂ ಎರಡೂ ಕಡೆ ಅರ್ತ್ ಮಾಡದೆ ನಾನು ತಂತಿ ಮುಟ್ಟಲ್ಲ.

ಕಾಸೆಲ್‌ನಿಂದ

ನಿಯಮದಲ್ಲೂ ಹಾಗೇ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ವೋಲ್ಟೇಜ್ ಶೇ 110ಕ್ಕಿಂತ ಮೇಲೆ ಹೋದರೆ, ಅಥವಾ ಶೇ 80ಕ್ಕಿಂತ ಕೆಳಗೆ ಬಿದ್ದರೆ, ಇನ್ವರ್ಟರ್ 2 ಸೆಕೆಂಡ್ ಒಳಗೆ ಬಿಟ್ಟುಕೊಳ್ಳಬೇಕು. 240ರ ಶೇ 110 ಅಂದರೆ 264. ತೆಂಗಿನಮರ ಅವರ ಮಾವನ ಇನ್ವರ್ಟರ್ 264ಕ್ಕೆ ಟ್ರಿಪ್ ಆಗುವುದು ಅದಕ್ಕೇ. ಅದು ಕೆಟ್ಟಿಲ್ಲ, ಹೇಳಿದ ಮಾತು ಕೇಳುತ್ತಿದೆ. ಕೆಲವು ಇನ್ವರ್ಟರ್‌ಗಳಲ್ಲಿ 230 ಹಿಡಿದು 253ಕ್ಕೇ ಸೆಟ್ ಮಾಡಿರುತ್ತಾರೆ. ಅಂಥದ್ದು ಈ ಊರಲ್ಲಿ ಬೆಳಿಗ್ಗೆ 9ಕ್ಕೇ ಮಲಗಿಬಿಡುತ್ತಿತ್ತು.

ಹೊಳೆದಂಡೆ

ನಾನು ಚಿಕ್ಕ ಜಲವಿದ್ಯುತ್ ಘಟಕದ ಕಡೆಯಿಂದ ಬಂದವಳು, ಕೊಡಗು. ಮಾಡೆಲಿಂಗ್ ಅಂತ ಬಂದಾಗ ಒಂದು ಹಳೇ ಗೊಂದಲ ನೆನಪಿಗೆ ಬರುತ್ತೆ. ನಮ್ಮಲ್ಲಿ ಟ್ರೈನಿಂಗ್‌ಗೆ ಬಂದ ಹುಡುಗನೊಬ್ಬ ಸೋಲಾರ್ ಇರುವ ಬಸ್ಸನ್ನೆಲ್ಲ ‘ಪಿವಿ ಬಸ್’ ಅಂತ ಹಾಕಿಬಿಟ್ಟಿದ್ದ. ಸೋಲಾರ್‌ಗೂ ಪಿವಿ (ಫೋಟೋವೋಲ್ಟಾಯಿಕ್) ಅಂತಾರಲ್ವಾ, ಅದಕ್ಕೆ! ಲೋಡ್ ಫ್ಲೋನಲ್ಲಿ ಪಿವಿ ಬಸ್ ಅಂದರೆ ಪವರ್ ಮತ್ತು ವೋಲ್ಟೇಜ್ ಎರಡನ್ನೂ ನಾವೇ ಹೇಳಿ, ರಿಯಾಕ್ಟಿವ್ ಎಷ್ಟು ಬೇಕೋ ಅದು ತಾನೇ ಹುಡುಕಿಕೊಳ್ಳಲಿ ಅಂತ ಬಿಡುವ ಬಸ್. ಅವನ ರಿಸಲ್ಟ್‌ನಲ್ಲಿ ಎಲ್ಲಾ ಮನೆಯಲ್ಲೂ ಸರಿಯಾಗಿ 1.000. ಅಷ್ಟು ಚೆಂದದ ಊರು ಎಲ್ಲೂ ಇಲ್ಲ.

ಮನೆಯ ಇನ್ವರ್ಟರ್ ಪಿಕ್ಯೂ ಬಸ್, ಅಂದರೆ ಆಕ್ಟಿವ್ (ಪಿ), ರಿಯಾಕ್ಟಿವ್ (ಕ್ಯೂ) ಎರಡನ್ನೂ ನಾವೇ ಹೇಳುವ ಬಸ್. ನೆಗೆಟಿವ್ ಲೋಡ್ ಅಂತ ತೆಂಗಿನಮರ ಹಾಕಿದ್ದು ಸರಿಯಾಗಿದೆ. ನಮ್ಮ ಜನರೇಟರ್ ಸಿಂಕ್ರೋನಸ್. ಹೆಸರಿಗೆ ಪಿವಿ ಬಸ್ ಆಗಬಹುದು. ಆದರೆ 11 ಕೆವಿಗೆ ಸೇರಿಸಿರುವ ಸಣ್ಣ ಮೆಷಿನ್‌ಗಳಲ್ಲಿ ಎಕ್ಸೈಟೇಷನ್ (ಮೆಷಿನ್‌ನ ಆಯಸ್ಕಾಂತಕ್ಕೆ ಕೊಡುವ ಕರೆಂಟ್) ಅನ್ನು ಪವರ್ ಫ್ಯಾಕ್ಟರ್ ಮೋಡ್‌ನಲ್ಲೇ ಇಟ್ಟಿರುತ್ತೇವೆ. ಗ್ರಿಡ್ ವೋಲ್ಟೇಜ್ ಹಿಡಿಯಲು ಹೋದರೆ ಮೆಷಿನ್ ಸುಸ್ತಾಗುತ್ತೆ. ಹಾಗಾಗಿ ಮಾಡೆಲ್‌ನಲ್ಲಿ ಅದೂ ಪಿಕ್ಯೂ. ಇಂಡಕ್ಷನ್ ಜನರೇಟರ್ ಇದ್ದರೆ ಇನ್ನೂ ಬೇರೆ. ಅದು ಪವರ್ ಕೊಡುತ್ತಾ ರಿಯಾಕ್ಟಿವ್ ಅನ್ನು ಗ್ರಿಡ್‌ನಿಂದಲೇ ಕುಡಿಯುತ್ತೆ. ಎಷ್ಟು ಕುಡಿಯುತ್ತೆ ಅನ್ನುವುದು ಆ ಕ್ಷಣದ ವೋಲ್ಟೇಜ್, ಸ್ಲಿಪ್ ಮೇಲೆ ನಿಂತಿರುತ್ತೆ. ಪ್ರತಿ ಸುತ್ತಿನಲ್ಲೂ ಲೆಕ್ಕ ಮತ್ತೆ ಮಾಡಬೇಕು.

ಬಸ್_33

ಮೇಡಂ, ಸ್ವೀಪ್‌ನಲ್ಲಿ ನಿಜವಾದ ಪಿವಿ ಬಸ್ ಹಾಕಬೇಕಾದರೆ ಹೇಗೆ? ಅಲ್ಲಿ ಕ್ಯೂ ಗೊತ್ತಿರಲ್ಲವಲ್ಲ.

ಹೊಳೆದಂಡೆ

ಮೊದಲು ಒಂದು ಕ್ಯೂ ಅಂದಾಜು ಹಾಕಿ ಸ್ವೀಪ್ ಮುಗಿಸಿ. ಆ ಬಸ್‌ನಲ್ಲಿ ಬಂದ ವೋಲ್ಟೇಜ್‌ಗೂ ಬೇಕಾದ ವೋಲ್ಟೇಜ್‌ಗೂ ಎಷ್ಟು ಅಂತರ ನೋಡಿ. ಸ್ಟೇಷನ್‌ನಿಂದ ಅಲ್ಲಿಯವರೆಗಿನ ರಿಯಾಕ್ಟೆನ್ಸ್‌ನಿಂದ ಅದನ್ನು ಭಾಗಿಸಿ. ಅಷ್ಟು ರಿಯಾಕ್ಟಿವ್ ಕರೆಂಟ್ ಜಾಸ್ತಿ ತಳ್ಳಿ, ಮತ್ತೆ ಸ್ವೀಪ್. ಎರಡು ಮೂರು ಜನರೇಟರ್ ಇದ್ದರೆ ಒಂದೊಂದೇ ಮಾಡಬೇಡಿ. ಅವುಗಳ ನಡುವಿನ ಸಾಮಾನ್ಯ ದಾರಿಯ ರಿಯಾಕ್ಟೆನ್ಸ್ ಸೇರಿಸಿ ಚಿಕ್ಕ ಮ್ಯಾಟ್ರಿಕ್ಸ್ ಮಾಡಿಕೊಳ್ಳಿ. ಮೆಷಿನ್‌ನ ಕ್ಯೂ ಮಿತಿ ಮುಟ್ಟಿದರೆ ಅದನ್ನು ಪಿಕ್ಯೂ ಮಾಡಿ ಬಿಟ್ಟುಬಿಡಿ. ಶಿರ್‌ಮೊಹಮ್ಮದಿ ಮತ್ತು ಜೊತೆಗಾರರು 1988ರಲ್ಲಿ ಸುತ್ತು ಇರುವ ಫೀಡರ್‌ಗೆ ಕಾಂಪೆನ್ಸೇಷನ್ ತಂದರಲ್ಲ, ಅದೇ ಜಾಡಿನ ಉಪಾಯ.

ತೆಂಗಿನಮರ

ಭಾನುವಾರ ಊರಿಗೆ ಹೋಗಿ ಬಂದೆ. ವರದಿ ಒಪ್ಪಿಸುತ್ತೇನೆ.

ಟಿಸಿ ಫಲಕ: 11000/433. ಸರ್ ಗೆದ್ದರು. ಸ್ಟೇಷನ್ ಲಾಗ್‌ನಲ್ಲಿ ಮಧ್ಯಾಹ್ನ 12ಕ್ಕೆ 11.2 ಕೆವಿ. ಅಂದರೆ ಟಿಸಿ ಬಾಯಲ್ಲಿ ಲೋಡ್ ಇಲ್ಲದಾಗ 254 ಇರಬೇಕು.

ಕಂಬದಣ್ಣ ಹೇಳಿದ ಹಾಗೆ ಬೆಳಿಗ್ಗೆ 10:30ಕ್ಕೆ ಅಳೆದೆ. ಅತ್ತೆಗೆ ಮಿಕ್ಸಿ ಹಾಕಬೇಡಿ ಅಂದಿದ್ದಕ್ಕೆ ‘ನಿನ್ನ ಓದಿಗೆ ನಮ್ಮ ಚಟ್ನಿ ನಿಲ್ಲಬೇಕಾ’ ಅಂತ ಬೈಸಿಕೊಂಡೆ. ಬಂದ್ ಇದ್ದಾಗ 250. ಚಾಲೂ ಮಾಡಿ 15 ಆಂಪಿಯರ್ ಹೋಗುವಾಗ 260. ಮೂರು ಸಲವೂ ಅರ್ಧ ವೋಲ್ಟ್ ಆಚೆ ಈಚೆ ಅಷ್ಟೇ. 10 ಭಾಗಿಸು 15, ಅಂದರೆ 0.67 ಓಮ್.

ಲೆಕ್ಕದಲ್ಲಿ ಬಂದಿದ್ದು 0.56. ಉಳಿದ 0.11 ಎಲ್ಲಿಂದ ಬಂತು? ನ್ಯೂಟ್ರಲ್ ಸಣ್ಣದಾ ಅಂತ ನೋಡಿದೆ. ಅದೂ ವೀಸೆಲ್ಲೇ ಅಂತೆ, ಅಲ್ಲಿನ ಲೈನ್‌ಮ್ಯಾನ್ ಹೇಳಿದರು.

ಕಂಬ_ಹತ್ತಿದವ

ಕಂಬದಿಂದ ಮನೆಗೆ ಸರ್ವಿಸ್ ವೈರ್ ಯಾವುದು? ಎಷ್ಟು ಉದ್ದ?

ತೆಂಗಿನಮರ

ಅಯ್ಯೋ ಅಣ್ಣ. ಅದನ್ನು ಮಾಡೆಲ್‌ನಲ್ಲಿ ಹಾಕೇ ಇಲ್ಲ. 10 ಚದರ ಮಿಲಿಮೀಟರ್ ಅಲ್ಯೂಮಿನಿಯಂ, 20 ಮೀಟರ್ ಇರಬಹುದು. ಕಿಲೋಮೀಟರ್‌ಗೆ 3.08 ಓಮ್. ಹೋಗಿ ಬರುವ 40 ಮೀಟರ್‌ಗೆ 0.12 ಓಮ್. ಸರಿಹೋಯಿತು! 0.56 ಪ್ಲಸ್ 0.12, ಅಂದರೆ 0.68.

ಹಳೇ_ಸ್ವಿಚ್‌ಯಾರ್ಡ್

ನೋಡಿ, 20 ಮೀಟರ್ ಸರ್ವಿಸ್ ವೈರ್ 65 ಮೀಟರ್ ಎಲ್‌ಟಿ ಲೈನ್‌ಗೆ ಸಮ. ಎಷ್ಟೋ ಸಾಫ್ಟ್‌ವೇರ್ ಡೇಟಾಬೇಸ್‌ಗಳಲ್ಲಿ ಫೀಡರ್ ಮ್ಯಾಪ್ ಕೊನೇ ಕಂಬಕ್ಕೇ ನಿಂತುಬಿಡುತ್ತೆ. ಸೋಲಾರ್ ಬರುವ ಮುಂಚೆ ಅದು ನಡೆದುಹೋಗುತ್ತಿತ್ತು, ಯಾಕೆಂದರೆ ಒಂದು ಮನೆಗೆ ಎರಡು ಆಂಪಿಯರ್ ಹೋದರೆ ಯಾರು ಕೇಳುತ್ತಾರೆ? ಈಗ ಆ ವೈರಿನಲ್ಲಿ 20 ಆಂಪಿಯರ್ ಮೂರು ತಾಸು ಬಿಡದೆ ಹರಿಯುತ್ತೆ.

ಕಾಸೆಲ್‌ನಿಂದ

ಈಗ ಕೋಡ್ ಸರಿ ಮಾಡುವುದಕ್ಕೆ. ಮೂರು ಫೇಸ್ ಮತ್ತು ನ್ಯೂಟ್ರಲ್, ನಾಲ್ಕೂ ತಂತಿಗೆ ಪ್ರತ್ಯೇಕ ಕರೆಂಟ್ ಇಟ್ಟುಕೊಳ್ಳಿ. ಟಿಸಿಯ ಸುರುಳಿ ಜೋಡಣೆ ಡೆಲ್ಟಾ-ಸ್ಟಾರ್ (11 ಕೆವಿ ಕಡೆ ತ್ರಿಕೋನ, ಎಲ್‌ಟಿ ಕಡೆ ನಕ್ಷತ್ರ). ಹಾಗಾಗಿ ಎಲ್‌ಟಿಯ ಒಂದು ಫೇಸ್‌ನ ಕರೆಂಟ್ 11 ಕೆವಿ ಕಡೆ ಎರಡು ತಂತಿಗಳಲ್ಲಿ ಕಾಣಿಸಿಕೊಳ್ಳುತ್ತೆ. ಅದನ್ನು ಬರಿ ಸರಣಿ ಇಂಪೀಡೆನ್ಸ್ ಅಂತ ಹಾಕಿದರೆ ಮೇಲಿನ ಲೆಕ್ಕ ಕೆಡುತ್ತೆ.

ಕೈಯಾರೆ ಬರೆಯಲು ಬೇಜಾರಾದರೆ ಓಪನ್‌ಡಿಎಸ್‌ಎಸ್ ಅನ್ನುವ ಸಾಫ್ಟ್‌ವೇರ್ ಇದೆ. ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಎಪ್ರಿ 2008ರಲ್ಲಿ ಅದನ್ನು ಓಪನ್ ಸೋರ್ಸ್ ಮಾಡಿತು. ಅದರಲ್ಲಿ ನ್ಯೂಟ್ರಲ್ ಅನ್ನು ನಾಲ್ಕನೇ ನೋಡ್ ಅಂತ ಬಿಡಿಯಾಗಿ ಇಡಬಹುದು. ಪೈಥಾನೇ ಬೇಕು ಅಂದರೆ ನಮ್ಮೂರಿನ ಪಾಂಡಾಪವರ್. ಕಾಸೆಲ್ ವಿಶ್ವವಿದ್ಯಾಲಯ ಮತ್ತು ಫ್ರೌನ್‌ಹೋಫರ್ ಸಂಸ್ಥೆ ಸೇರಿ ಮಾಡಿದ್ದು. ಒಂದು ಎಚ್ಚರಿಕೆ: ಅದರ ಮಾಮೂಲಿ ರನ್‌ಪಿಪಿ ಸಮ ಫೇಸ್ ಲೆಕ್ಕ. ಅಸಮ ಫೇಸ್‌ಗೆ ಬೇರೆ ಫಂಕ್ಷನ್ ಇದೆ. ಹುಡುಗರು ಮೊದಲನೆಯದನ್ನು ಓಡಿಸಿ ಇದೇ ಹಳ್ಳಕ್ಕೆ ಬೀಳುತ್ತಾರೆ.

ಟೆಸ್ಟ್ ಮಾಡಲು 33 ಬಸ್ ಬಿಟ್ಟು ಇಂಜಿನಿಯರ್‌ಗಳ ಸಂಘ ಐಟ್ರಿಪಲ್‌ಇಯ ಯುರೋಪಿಯನ್ ಲೋ ವೋಲ್ಟೇಜ್ ಫೀಡರ್ ತಗೊಳ್ಳಿ. 906 ಬಸ್, 55 ಮನೆ, ಎಲ್ಲಾ ಸಿಂಗಲ್ ಫೇಸ್. ಪ್ರತಿ ನಿಮಿಷದ ಲೋಡ್ ಕೊಟ್ಟಿದ್ದಾರೆ. ಮೇಲೆ 11 ಕೆವಿ, ಕೆಳಗೆ 416 ವೋಲ್ಟ್. ಅಮೆರಿಕದ 13 ನೋಡ್ ಫೀಡರ್‌ಗಿಂತ ನಮ್ಮ ಊರಿಗೆ ಹತ್ತಿರ.

ಬಸ್_33

ಇನ್ವರ್ಟರ್‌ನಲ್ಲಿ ವೋಲ್ಟ್-ವಾರ್ ಆನ್ ಮಾಡಿದರೆ ಮುಗಿಯಿತಲ್ಲ? ವೋಲ್ಟೇಜ್ ಏರಿದಾಗ ರಿಯಾಕ್ಟಿವ್ ಎಳೆದುಕೊಳ್ಳುತ್ತೆ, ವೋಲ್ಟೇಜ್ ಇಳಿಯುತ್ತೆ. ಇಂಥ ಇನ್ವರ್ಟರ್‌ಗಳನ್ನು ಗ್ರಿಡ್‌ಗೆ ಸೇರಿಸುವ ಅಮೆರಿಕದ 1547 ಸ್ಟ್ಯಾಂಡರ್ಡ್‌ನಲ್ಲೂ 2018ರಿಂದ ಇದೆ.

ಹಳೇ_ಸ್ವಿಚ್‌ಯಾರ್ಡ್

ಎಲ್ಲಿ ಅನ್ನುವುದರ ಮೇಲೆ ಹೋಗುತ್ತೆ. ಏರಿಕೆಯ ಸೂತ್ರ ಸುಲಭ: ಆರ್ ಇಂಟು ಪಿ, ಎಕ್ಸ್ ಇಂಟು ಕ್ಯೂ, ಎರಡನ್ನೂ ಕೂಡಿಸಿ ವೋಲ್ಟೇಜ್‌ನಿಂದ ಭಾಗಿಸಿ. ಮೊದಲು 11 ಕೆವಿ ನೋಡಿ. ರೈತರ ಸೋಲಾರ್‌ಗಾಗಿ ಕೇಂದ್ರ ತಂದ ಕುಸುಮ್ ಯೋಜನೆಯಲ್ಲಿ ಬರುವ ಹಾಗೆ 1 ಮೆಗಾವ್ಯಾಟ್ ಪ್ಲಾಂಟ್, 10 ಕಿಲೋಮೀಟರ್ ರ‍್ಯಾಬಿಟ್ ತಂತಿಯ ತುದಿಯಲ್ಲಿ ಇದೆ ಅಂದುಕೊಳ್ಳಿ. ಆರ್ ಸುಮಾರು 5.5 ಓಮ್. ಏರಿಕೆ 500 ವೋಲ್ಟ್, ಶೇ 4.5. ಎಕ್ಸ್ ಸುಮಾರು 3.7 ಓಮ್. ಪ್ಲಾಂಟ್ 330 ಕೆವಿಎಆರ್ ರಿಯಾಕ್ಟಿವ್ ಎಳೆದುಕೊಂಡರೆ 110 ವೋಲ್ಟ್ ವಾಪಸ್ ಬಂತು, ಶೇ 1. ಪರವಾಗಿಲ್ಲ, ಏನೋ ಉಪಯೋಗ ಇದೆ.

ಈಗ ಮಾವನ ಮನೆ. ವೀಸೆಲ್ ತಂತಿಯಲ್ಲಿ ಎಕ್ಸ್ ಆರ್‌ನ ಮೂರನೇ ಒಂದರಷ್ಟು. ಸರ್ವಿಸ್ ವೈರ್‌ನಲ್ಲಂತೂ ಇಲ್ಲವೇ ಇಲ್ಲ ಅನ್ನಿ. 0.9 ಪವರ್ ಫ್ಯಾಕ್ಟರ್‌ಗೆ ಇಳಿಸಿ 2.2 ಕೆವಿಎಆರ್ ಎಳೆದರೂ ಒಂದೂವರೆ ವೋಲ್ಟ್ ಸಿಗಬಹುದು. ಅದಕ್ಕೆ ಪ್ರತಿಯಾಗಿ ತಂತಿಯಲ್ಲಿ ಕರೆಂಟ್ ಜಾಸ್ತಿ, ಟಿಸಿ ಮೇಲೆ ಭಾರ. ಪೇಪರ್‌ಗಳಲ್ಲಿ ವೋಲ್ಟ್-ವಾರ್ ಚೆಂದ ಕಾಣುವುದು ಬಹುಪಾಲು ಅವು ಮೀಡಿಯಂ ವೋಲ್ಟೇಜ್‌ನಲ್ಲಿ ಬರೆದವು ಅಂತ.

ಕಾಸೆಲ್‌ನಿಂದ

ಒಪ್ಪಿದೆ. ಇಲ್ಲಿ ಜರ್ಮನಿಯಲ್ಲೂ ಮನೆ ಲೈನ್‌ಗೆ ಇನ್ವರ್ಟರ್‌ಗಳಿಂದ ಆಗುವ ಏರಿಕೆ ಶೇ 3 ದಾಟಬಾರದು ಅಂತ ನಿಯಮ. ಅದಕ್ಕೆ ಕೆಲವು ಕಡೆ ಓಡುತ್ತಿರುವಾಗಲೇ ಟ್ಯಾಪ್ ಬದಲಿಸುವ ಟಿಸಿಗಳನ್ನೇ ಹಾಕಿದ್ದಾರೆ. ದುಬಾರಿ.

ಆದರೆ ಮಾವನ ಊರಿನಲ್ಲಿ ಮೊದಲು ನೋಡಬೇಕಾದದ್ದು ಫೇಸ್. ಆ ಲೈನ್‌ನಲ್ಲಿ ಬೇರೆ ಸೋಲಾರ್ ಇದೆಯಾ? ಯಾವ ಫೇಸ್‌ನಲ್ಲಿ?

ತೆಂಗಿನಮರ

ಇದೆ. ಟಿಸಿಯಿಂದ 200 ಮೀಟರ್‌ನಲ್ಲಿ ಇನ್ನೊಬ್ಬರ ಮನೆ, 3 ಕಿಲೋವ್ಯಾಟ್. ಆರ್, ವೈ, ಬಿ ಮೂರು ಫೇಸ್‌ಗಳಲ್ಲಿ ಅವರದೂ ಆರ್ ಫೇಸ್, ಮಾವನದೂ ಆರ್ ಫೇಸ್!

ನಾಲ್ಕು ತಂತಿಯ ಕೋಡ್ ನಿನ್ನೆ ರಾತ್ರಿ ಓಡಿತು. ಊರಿನ ಮಧ್ಯಾಹ್ನದ ಲೋಡ್ ಸೇರಿಸಿದ ಮೇಲೆ ಮಾವನ ಮನೆಯಲ್ಲಿ ಇನ್ವರ್ಟರ್ ಬಂದ್ ಇದ್ದಾಗ 250.6, ಚಾಲೂ ಇದ್ದಾಗ 263.8. ಮೀಟರ್‌ನಲ್ಲಿ 251 ಮತ್ತು 264. ನಂಬಲಾಗದೆ ಮೂರು ಸಲ ಓಡಿಸಿದೆ. ಲೋಡ್ ಮಾತ್ರ ಅಂದಾಜಿನದು, ಅದು ನಿಜ.

ಇನ್ನೊಂದು ವಿಚಿತ್ರ. ಆರ್ ಫೇಸ್ ಏರಿದಾಗ ಅದೇ ಕಂಬದಲ್ಲಿ ವೈ ಮತ್ತು ಬಿ ಫೇಸ್ ಸುಮಾರು 3 ವೋಲ್ಟ್ ಇಳಿಯುತ್ತಿವೆ. ಕೋಡ್ ತಪ್ಪಾ?

ಕಾಸೆಲ್‌ನಿಂದ

ತಪ್ಪಲ್ಲ, ಅದೇ ಸರಿ ಇರುವ ಗುರುತು. 20 ಆಂಪಿಯರ್ ನ್ಯೂಟ್ರಲ್‌ನ 0.28 ಓಮ್‌ನಲ್ಲಿ ಹರಿದರೆ ಆ ಕಂಬದಲ್ಲಿ ನ್ಯೂಟ್ರಲ್ ಜಾಗವೇ 5.6 ವೋಲ್ಟ್ ಸರಿಯುತ್ತೆ. ಆರ್‌ನಿಂದ ದೂರ ಸರಿದರೆ ಉಳಿದ ಎರಡಕ್ಕೆ ಹತ್ತಿರ ಹೋದ ಹಾಗೆ. 120 ಡಿಗ್ರಿ ಕೋನ ಇರುವುದರಿಂದ ಅವಕ್ಕೆ ಅರ್ಧದಷ್ಟು, 2.8 ಇಳಿಯುತ್ತೆ. ಅಂದರೆ ಪಕ್ಕದವರ ಸೋಲಾರ್ ಅನ್ನು ವೈ ಫೇಸ್‌ಗೆ ಸರಿಸಿದರೆ ಮಾವನಿಗೆ ಎರಡು ಲಾಭ. ಅವರಿಂದ ಬರುತ್ತಿದ್ದ ಏರಿಕೆ ಹೋಗುತ್ತೆ, ಮೇಲೆ ಸ್ವಲ್ಪ ಇಳಿಕೆಯೂ ಸಿಗುತ್ತೆ. ಓಡಿಸಿ ನೋಡಿ.

ತೆಂಗಿನಮರ

ಓಡಿಸಿದೆ. 263.8 ಇದ್ದದ್ದು 258.4. ಅಂದರೆ 5.4 ಕಡಿಮೆ. ಮಾವನ 5 ಕಿಲೋವ್ಯಾಟ್ ಅನ್ನೇ ತ್ರೀ ಫೇಸ್ ಇನ್ವರ್ಟರ್ ಮಾಡಿದರೆ ಇನ್ನೂ ಚೆನ್ನಾಗಿ ಬರುತ್ತೆ, ಆದರೆ ಮಾವ ಹೊಸ ಇನ್ವರ್ಟರ್ ಅಂದ ತಕ್ಷಣ ಎದ್ದು ತೋಟಕ್ಕೆ ಹೋದರು.

ಕಂಬ_ಹತ್ತಿದವ

ಫೇಸ್ ಬದಲಿಸುವುದು ಅರ್ಧ ಗಂಟೆ ಕೆಲಸ. ಆದರೆ ಸೆಕ್ಷನ್ ಆಫೀಸ್‌ಗೆ ಅರ್ಜಿ ಕೊಟ್ಟೇ ಮಾಡಿಸಿ. ಯಾರಾದರೂ ಹುಡುಗರನ್ನು ಕರೆದು ಕಂಬ ಹತ್ತಿಸಬೇಡಿ. ಮತ್ತೆ ಸಂಜೆ ಲೋಡ್ ನೋಡಿಕೊಂಡು ಸರಿಸಿ. ಹಗಲು ಸರಿಹೋಗಿ ರಾತ್ರಿ ವೈ ಫೇಸ್‌ನಲ್ಲಿ ಟಿವಿ ಉರಿಯದಿದ್ದರೆ ಬೈಗುಳ ನಮಗೇ ಬರುತ್ತೆ.

ಹಳೇ_ಸ್ವಿಚ್‌ಯಾರ್ಡ್

ಸಂಜೆ ಅಂದಿದ್ದಕ್ಕೆ ನೆನಪಾಯಿತು. ತೆಂಗಿನಮರ, ನೀವು ಥೀಸಿಸ್‌ನಲ್ಲಿ ಮಧ್ಯಾಹ್ನ 12ರ ಒಂದೇ ಚಿತ್ರ ಹಾಕಿ ಬಿಡಬೇಡಿ. ಅದೇ ಮಾಡೆಲ್‌ನಲ್ಲಿ ಸಂಜೆ 7 ಓಡಿಸಿ. ಸ್ಟೇಷನ್ ಟ್ಯಾಪ್ ಇಳಿಸಿದರೆ ಮಧ್ಯಾಹ್ನದ ತೊಂದರೆ ಪುಕ್ಕಟೆ ಹೋಗುತ್ತೆ ಅಂತ ಯಾರಾದರೂ ಹೇಳುತ್ತಾರೆ. ಆಗ ಸಂಜೆ ಬಾಲದ ಮನೆಗೆ ಎಷ್ಟು ಬರುತ್ತೆ ಅಂತ ತೋರಿಸಿ.

ಪಂಪ್‌ಸೆಟ್ ಲೋಡ್ ಬಗ್ಗೆ ಇನ್ನೂ ಜಾಸ್ತಿ ಎಚ್ಚರ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗೆ ಪುಕ್ಕಟೆ ಕರೆಂಟ್, ಬಹಳ ಕಡೆ ಮೀಟರ್ ಇಲ್ಲ. ನಿರಂತರ ಜ್ಯೋತಿ ಯೋಜನೆ ಬಂದು ಪಂಪ್‌ಸೆಟ್‌ನಿಂದ ಮನೆ ಫೀಡರ್ ಬೇರೆ ಆದ ಕಡೆ ನಿಮ್ಮ ಕೆಲಸ ಸುಲಭ. ಎರಡೂ ಒಂದೇ ಲೈನ್‌ನಲ್ಲಿ ಇದ್ದರೆ ಪಂಪ್ ಓಡುವ ತಾಸುಗಳ ಮಾಡೆಲ್ ಒಂದು, ಓಡದ ತಾಸುಗಳದ್ದು ಇನ್ನೊಂದು ಮಾಡಿ. ಪಂಪ್ ಓಡುವಾಗ ಹಿಂದಕ್ಕೆ ಹರಿಯುವ ಪವರ್ ಎಲ್ಲಾ ಅಲ್ಲೇ ಕುಡಿದುಹೋಗುತ್ತೆ. ಪಂಪ್ ನಿಂತ ಮರುಕ್ಷಣ ಅದೇ ಬಿಸಿಲಿಗೆ ವೋಲ್ಟೇಜ್ ಜಿಗಿಯುತ್ತೆ. ದಿನದ ಸರಾಸರಿ ಹಾಕಿದವರಿಗೆ ಇದು ಕಾಣುವುದೇ ಇಲ್ಲ.

ಹೊಳೆದಂಡೆ

ನಷ್ಟದ ಬಗ್ಗೆಯೂ ಒಂದು ಗೆರೆ ಬರೆಯಿರಿ. ಹತ್ತಿರದಲ್ಲೇ ಉತ್ಪಾದನೆ ಆದರೆ ಲೈನ್ ನಷ್ಟ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲಿನ ಲೋಡ್ ತುಂಬುವ ತನಕ ಹೌದು. ಆಮೇಲೆ ಹಿಂದಕ್ಕೆ ಹರಿಯಲು ಶುರುವಾದರೆ ನಷ್ಟ ಮತ್ತೆ ಏರುತ್ತೆ. ಮಳೆಗಾಲದಲ್ಲಿ ನಮ್ಮ ಘಟಕ ತುಂಬಿ ಓಡುತ್ತೆ, ಊರಲ್ಲಿ ಯಾರೂ ಫ್ಯಾನ್ ಕೂಡ ಹಾಕಿರಲ್ಲ. ನಮ್ಮ ಫೀಡರ್‌ನಲ್ಲಿ ಅತಿ ಜಾಸ್ತಿ ನಷ್ಟ ಬರುವುದು ಆವಾಗಲೇ.

ತೆಂಗಿನಮರ

ಮೂರು ವಾರ ಬಿಟ್ಟು ಬರುತ್ತಿದ್ದೇನೆ. ಅರ್ಜಿ ಕೊಟ್ಟೆವು, ಪಕ್ಕದವರೂ ಒಪ್ಪಿದರು. ಎಲ್‌ಸಿ ತಗೊಂಡು ಅವರ ಸರ್ವಿಸ್ ಅನ್ನು ವೈ ಫೇಸ್‌ಗೆ ಹಾಕಿದರು. ಮಾವನ ಇನ್ವರ್ಟರ್‌ನಲ್ಲಿ ಮಧ್ಯಾಹ್ನ ಅತಿ ಜಾಸ್ತಿ ಅಂದರೆ 259. ಟ್ರಿಪ್ ಇಲ್ಲ. ಗೈಡ್‌ಗೆ ತೋರಿಸಿದೆ. ‘ಎಲ್ಲಾ ಸರಿ, ನ್ಯೂಟನ್-ರಾಫ್ಸನ್ ಎಲ್ಲಿ?’ ಅಂದರು. ಎರಡನ್ನೂ ಓಡಿಸಿ ಪಕ್ಕ ಪಕ್ಕ ಹಾಕಿದ್ದೇನೆ. ಉತ್ತರ ಒಂದೇ.

ಅಡಿಕೆ_ತೋಟ

ಇದನ್ನೆಲ್ಲ ಓದಿ ನಾನೂ ಮಲ್ಟಿಮೀಟರ್ ತಂದೆ. ಬಂದ್ ಇದ್ದಾಗ 246, ಚಾಲೂ ಇದ್ದಾಗ 261, ಆಂಪಿಯರ್ 12. ಲೆಕ್ಕ ಹಾಕಿದರೆ 1.25 ಓಮ್ ಬರುತ್ತಿದೆ. ಟಿಸಿ ನಮ್ಮ ಗೇಟಿನ ಎದುರಿಗೇ ಇದೆಯಲ್ಲ, ಇದು ಹೇಗೆ?

ಕಂಬ_ಹತ್ತಿದವ

ಟಿಸಿ ಎದುರಿಗಿದ್ದು 1.25 ಅಂದರೆ ಎಲ್ಲೋ ನ್ಯೂಟ್ರಲ್ ಜಾಯಿಂಟ್ ಸುಡುತ್ತಿದೆ. ಇನ್ವರ್ಟರ್ ಬಂದ್ ಮಾಡಿಬಿಡಿ, ಯಾರೂ ಏನೂ ಮುಟ್ಟಬೇಡಿ. ಇವತ್ತೇ ಸೆಕ್ಷನ್ ಆಫೀಸ್‌ಗೆ ಫೋನ್ ಮಾಡಿ.